ಫಿರೋಜಾ ಹರಳಿನ ಜೊತೆ ಬರುವ ಗಣಿಯ ಹೆಸರನ್ನು ಎಷ್ಟು ನಂಬಬಹುದು?

ಫೀನಿಕ್ಸ್‌ನ ಓದುಗಿ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡು ಫಿರೋಜಾ (ಟರ್ಕಾಯ್ಸ್) ಉಂಗುರಗಳಿವೆ. ಒಂದು ಅಜ್ಜಿಯದು. ಅಜ್ಜ ಅದನ್ನು ಹೈದರಾಬಾದಿನಲ್ಲಿ ಕೊಂಡಾಗ ಅಂಗಡಿಯವರು ಇರಾನಿನ ನಿಶಾಪುರದ ಕಲ್ಲೆಂದು ಹೇಳಿ ಕೊಟ್ಟಿದ್ದರಂತೆ. ಅಮ್ಮ ಚಿಕ್ಕವರಿದ್ದಾಗ ಅದು ಮಳೆ ಬಿಟ್ಟ ಮೇಲಿನ ಆಕಾಶದ ಬಣ್ಣದಲ್ಲಿತ್ತು. ಈಗ ಕಲ್ಯಾಣಿಯ ಪಾಚಿಯಂತೆ ಹಸುರಾಗಿದೆ. ಇನ್ನೊಂದನ್ನು ನಾನು ಹೋದ ವರ್ಷ ಇಲ್ಲಿ ಅರಿಜೋನಾದಲ್ಲಿ ಕೊಂಡೆ. ಅದರ ಜೊತೆ ಬಂದ ಚೀಟಿಯಲ್ಲಿ 'ಸ್ಲೀಪಿಂಗ್ ಬ್ಯೂಟಿ' ಎಂಬ ಗಣಿಯ ಹೆಸರಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜಾತಿಯ ಕಲ್ಲುಗಳೆಂದು ಯಾರೂ ಹೇಳಲಾರರು.

ನನ್ನ ಪ್ರಶ್ನೆಗಳು ಮೂರು. ಗಣಿಯ ಹೆಸರಿನಿಂದ ಕಲ್ಲಿನ ಬಗ್ಗೆ ನಿಜವಾಗಿ ಏನು ತಿಳಿಯುತ್ತದೆ? ಅಜ್ಜಿಯ ಹರಳು ಹಸುರಾದದ್ದು ಏಕೆ? ಅದನ್ನು ಮತ್ತೆ ನೀಲಿಯಾಗಿಸಬಹುದೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹರಳು ಪರೀಕ್ಷಕ, ಬೆಂಗಳೂರು:

ಮೇಡಂ, ಉತ್ತರಕ್ಕೆ ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸಿಬಿಡುತ್ತೇನೆ. ಟರ್ಕಾಯ್ಸ್ ಎಂಬುದನ್ನು ಕನ್ನಡದಲ್ಲಿ ಕೆಲವರು 'ವೈಡೂರ್ಯ' ಎಂದು ಬರೆಯುತ್ತಾರೆ. ಇದರಿಂದ ಗ್ರಾಹಕರು ನಿಜಕ್ಕೂ ಮೋಸ ಹೋಗುತ್ತಾರೆ. ನವರತ್ನಗಳಲ್ಲಿ ಕೇತುವಿಗೆ ಹೇಳುವ ವೈಡೂರ್ಯವು ಬೆಕ್ಕಿನ ಕಣ್ಣಿನಂತೆ ಬೆಳಕಿನ ಗೆರೆಯೊಂದು ಓಡಾಡುವ, ಬಹಳ ಗಟ್ಟಿಯಾದ ಬೇರೆಯೇ ಹರಳು. ಫಿರೋಜಾ ನವರತ್ನಗಳಲ್ಲಿ ಸೇರಿಲ್ಲ. ಸಂಸ್ಕೃತದ ರಸಶಾಸ್ತ್ರ ಗ್ರಂಥಗಳು ಅದನ್ನು 'ಪೇರೋಜ' ಎಂದು ಕರೆದು ಉಪರತ್ನಗಳ ಸಾಲಿನಲ್ಲಿ ಇಟ್ಟಿವೆ. ಮೂಲ ಪದ ಪರ್ಷಿಯನ್ನಿನದು, ವಿಜಯ ಎಂಬ ಅರ್ಥಕ್ಕೆ ಸೇರಿದ್ದು. ಯುರೋಪಿನವರು 'ತುರ್ಕಿಯ ಕಲ್ಲು' ಎಂದು ಕರೆದದ್ದು ಅದು ಅಲ್ಲಿ ಸಿಗುತ್ತಿದ್ದುದರಿಂದಲ್ಲ, ಇರಾನಿನ ಖೊರಾಸಾನ್ ಸೀಮೆಯ ಸರಕು ತುರ್ಕಿಯ ಪೇಟೆಗಳ ಮೂಲಕ ಅವರಿಗೆ ತಲುಪುತ್ತಿದ್ದುದರಿಂದ.

ಇನ್ನು ನಿಶಾಪುರ. ಇರಾನಿನ ಈಶಾನ್ಯ ಭಾಗದಲ್ಲಿ, ನಿಶಾಪುರ ಪಟ್ಟಣದ ವಾಯವ್ಯಕ್ಕಿರುವ ಬೆಟ್ಟಗಳಲ್ಲಿ, ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಕಲ್ಲನ್ನು ತೆಗೆಯುತ್ತಿದ್ದಾರೆ. ಗಣಿಯ ಪಕ್ಕದ ಹಳ್ಳಿಯ ಹೆಸರೇ 'ಮಅದನ್', ಅಂದರೆ ಗಣಿ. ಅಲ್ಲಿನ ಸುರಂಗಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಹೆಸರುಗಳಿದ್ದವು; ಅವುಗಳಲ್ಲಿ ಅಬೂ ಇಸ್‌ಹಾಕಿ ಎಂಬುದರ ಕಲ್ಲನ್ನು ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್‌ಬೀರೂನಿಯ ಕಾಲದಲ್ಲೇ ಶ್ರೇಷ್ಠವೆಂದು ಎಣಿಸುತ್ತಿದ್ದರು. ಅಲ್ಲಿನ ವ್ಯಾಪಾರಿಗಳು ಸರಕನ್ನು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಉಂಗುರಕ್ಕೆ ಯೋಗ್ಯವಾದ, ಕಲೆಯಿಲ್ಲದ ಗಾಢ ಆಕಾಶನೀಲಿ ಕಲ್ಲು 'ಅಂಗುಶ್ತರಿ'. ಮಸುಕಾದ ಅಥವಾ ಚುಕ್ಕೆಯಿರುವ ಕೆಳದರ್ಜೆಯ ಸರಕು 'ಅರಬಿ'. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಈ ಎರಡೂ ನಿಶಾಪುರದವೇ. ಆದ್ದರಿಂದ 'ಇದು ನಿಶಾಪುರದ್ದು' ಎಂದ ಮಾತ್ರಕ್ಕೆ ಕಲ್ಲು ಒಳ್ಳೆಯದೆಂದು ಆಗುವುದಿಲ್ಲ. ಬೆಲೆ ಇರುವುದು ದರ್ಜೆಗೆ, ಊರಿಗಲ್ಲ.

ಸ್ಲೀಪಿಂಗ್ ಬ್ಯೂಟಿಯ ಕಥೆ ಸ್ವಲ್ಪ ಬೇರೆ. ನಿಮ್ಮ ಅರಿಜೋನಾದ ಗ್ಲೋಬ್ ಪಟ್ಟಣದ ಬಳಿ, ಮಲಗಿದ ಹೆಂಗಸಿನಂತೆ ಕಾಣುವ ಬೆಟ್ಟದ ಹೆಸರು ಅದು. ತಾಮ್ರದ ಗಣಿಯಲ್ಲಿ ಪಕ್ಕದ ಉತ್ಪನ್ನವಾಗಿ ಬರುತ್ತಿದ್ದ ಈ ಕಲ್ಲು ಹೆಚ್ಚಾಗಿ ಗೆರೆಗಳಿಲ್ಲದ, ಒಂದೇ ಸಮನಾದ ತಿಳಿನೀಲಿಯಾಗಿರುತ್ತಿತ್ತು. ಜೋಡಿ ಓಲೆಗೆ ಬಣ್ಣ ಹೊಂದಿಸುವವರಿಗೆ ಅದಕ್ಕಿಂತ ಅನುಕೂಲವಾದ ಕಲ್ಲು ಇರಲಿಲ್ಲ. 2012ರಲ್ಲಿ ಅಲ್ಲಿ ಫಿರೋಜಾ ತೆಗೆಯುವುದು ನಿಂತುಹೋಯಿತು, ಬೆಲೆ ಏರಿತು, ಅಲ್ಲಿಂದ ಮುಂದೆ ಗೆರೆಯಿಲ್ಲದ ನೀಲಿ ಹರಳಿಗೆಲ್ಲ ಆ ಹೆಸರನ್ನು ಅಂಟಿಸುವ ಆಸೆ ಹುಟ್ಟಿಕೊಂಡಿತು. ನಿಮ್ಮ ಚೀಟಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಮಾರಿದವರ ಮಾತು, ಅಷ್ಟೇ; ಬರೀ ಕಣ್ಣಿನಿಂದ ನೋಡಿ ಗಣಿಯನ್ನು ಹೇಳುವುದು ಊಹೆಯೇ ಸರಿ.

ಭೂವಿಜ್ಞಾನ ಅಧ್ಯಾಪಕಿ, ಚಿತ್ರದುರ್ಗ:

ಬಣ್ಣ ಏಕೆ ಒಂದೊಂದು ಕಡೆ ಒಂದೊಂದು ಬಗೆ ಎಂಬುದಕ್ಕೆ ಉತ್ತರ ಕಲ್ಲು ಹುಟ್ಟುವ ರೀತಿಯಲ್ಲಿದೆ. ಫಿರೋಜಾ ಎಂದರೆ ನೀರಿನಂಶವಿರುವ ತಾಮ್ರ ಮತ್ತು ಅಲ್ಯೂಮಿನಿಯಂನ ಫಾಸ್ಫೇಟ್. ಅದು ಭೂಗರ್ಭದ ಶಾಖದಲ್ಲಿ ಬೆಂದ ಹರಳಲ್ಲ; ನೆಲದ ಮೇಲ್ಪದರದಲ್ಲಿ, ಒಣ ಸೀಮೆಗಳಲ್ಲಿ, ಅಪರೂಪಕ್ಕೆ ಬೀಳುವ ಮಳೆಯ ನೀರು ಬಂಡೆಯೊಳಗೆ ಇಳಿಯುತ್ತಾ ತಾಮ್ರದ ಅದಿರಿನಿಂದ ತಾಮ್ರವನ್ನೂ ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ ಅಲ್ಯೂಮಿನಿಯಂ ಅನ್ನೂ ಅಪಟೈಟ್‌ನಂಥ ಖನಿಜದಿಂದ ರಂಜಕವನ್ನೂ ಕರಗಿಸಿಕೊಂಡು, ಬಿರುಕುಗಳಲ್ಲಿ ಮತ್ತು ಪೊಳ್ಳುಗಳಲ್ಲಿ ನಿಧಾನವಾಗಿ ಕೂರಿಸಿದ ಕಲ್ಲು. ನೀಲಿ ಬರುವುದು ತಾಮ್ರದಿಂದ. ಅಲ್ಯೂಮಿನಿಯಂನ ಜಾಗಕ್ಕೆ ಕಬ್ಬಿಣ ಹೊಕ್ಕಷ್ಟೂ ಬಣ್ಣ ಹಸುರಿನ ಕಡೆಗೆ ವಾಲುತ್ತದೆ. ತಾಮ್ರದ ಜಾಗಕ್ಕೆ ಸತುವು ಬಂದರೆ ಎಳೆ ನಿಂಬೆಯಂಥ ಹಳದಿಹಸುರು ಮೂಡುತ್ತದೆ. ಸತುವೇ ಮೇಲುಗೈಯಾದರೆ ಅದು ಫಾಸ್ಟೈಟ್ ಎಂಬ ಬೇರೆ ಖನಿಜವೇ ಆಗುತ್ತದೆ.

ಕಲ್ಲಿನಲ್ಲಿ ಕಾಣುವ ಕಪ್ಪು, ಕಂದು, ಹೊಂಬಣ್ಣದ ಗೆರೆಗಳು ಆಶ್ರಯ ಕೊಟ್ಟ ಬಂಡೆಯ ತುಣುಕುಗಳು. ನಿಶಾಪುರದಲ್ಲಿ ಅದು ಶಿಥಿಲಗೊಂಡ ಜ್ವಾಲಾಮುಖಿ ಶಿಲೆ. ಈಜಿಪ್ಟಿನ ಸಿನಾಯ್‌ನಲ್ಲಿ ಮರಳುಗಲ್ಲು. ಸಿನಾಯ್‌ನ ಸೆರಾಬಿತ್ ಅಲ್ ಖಾದಿಮ್ ಮತ್ತು ವಾದಿ ಮಗಾರಾಗಳಲ್ಲಿ ಐದು ಸಾವಿರ ವರ್ಷಗಳ ಹಿಂದೆಯೇ ಕೆಲಸ ನಡೆದಿತ್ತು. ಸೆರಾಬಿತ್‌ನ ಬೆಟ್ಟದ ಮೇಲೆ 'ಫಿರೋಜೆಯ ಒಡತಿ' ಎಂದು ಪೂಜಿಸಲ್ಪಟ್ಟ ಹಾಥೋರ್ ದೇವಿಯ ಗುಡಿಯ ಅವಶೇಷ ಇಂದಿಗೂ ಇದೆ. 1905ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಕಂಡ ಬರಹಗಳನ್ನು ಅಕ್ಷರಮಾಲೆಯ ಅತ್ಯಂತ ಹಳೆಯ ರೂಪಗಳಲ್ಲಿ ಒಂದೆಂದು ವಿದ್ವಾಂಸರು ಪರಿಗಣಿಸುತ್ತಾರೆ. ಒಂದು ಕಲ್ಲಿನ ಗಣಿಯಲ್ಲಿ ಲಿಪಿಯ ಇತಿಹಾಸವೇ ಸಿಕ್ಕಿತೆಂಬುದನ್ನು ಪಾಠ ಮಾಡುವಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ನಮ್ಮ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತಲ್ಲ, ಅಲ್ಲೇಕೆ ಫಿರೋಜಾ ಇಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ತಾಮ್ರವೊಂದಿದ್ದರೆ ಸಾಲದು. ರಂಜಕ, ಅಲ್ಯೂಮಿನಿಯಂ, ನೀರು ಇಳಿಯುವಂತೆ ಬಿರುಕು ಬಿಟ್ಟ ಬಂಡೆ, ದೀರ್ಘಕಾಲದ ಒಣ ಹವೆ ಇವೆಲ್ಲ ಒಂದೇ ಜಾಗದಲ್ಲಿ ಕೂಡಿಬರಬೇಕು.

ಅಲೀಪುರದ ಓದುಗ, ಗೌರಿಬಿದನೂರು ತಾಲ್ಲೂಕು:

ನಮ್ಮ ಊರಿನಲ್ಲಿ ಹರಳಿನ ವ್ಯಾಪಾರ ಮನೆಮನೆಯ ಕಸುಬು, ಇರಾನಿನ ಮಶ್‌ಹದ್‌ಗೆ ಜಿಯಾರತ್ (ತೀರ್ಥಯಾತ್ರೆ) ಹೋದವರು ಫಿರೋಜಾ ಉಂಗುರ ತರುವುದೂ ವಾಡಿಕೆ. ಪರೀಕ್ಷಕರ ಮಾತಿಗೆ ಗೌರವವಿದೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಮ್ಮ ತಾತ ಕಲ್ಲನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೇ ನಿಶಾಪುರಿ ಹೌದೋ ಅಲ್ಲವೋ ಎಂದು ಹೇಳುತ್ತಿದ್ದರು. ದೀಪದ ಬೆಳಕಿನಲ್ಲಿ ನೋಡಿ ಎಂದೂ ಕೊಳ್ಳುತ್ತಿರಲಿಲ್ಲ. ಉಗುರಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ನಾಲಿಗೆಯ ತುದಿಗೆ ಮುಟ್ಟಿಸಿ, ಅಂಟಿಕೊಂಡಂತೆ ಎಳೆದರೆ ಕಲ್ಲು ಬಿಡುಬಿಡಿಯಾಗಿದೆ, ಬೇಗ ಬಣ್ಣ ಕೆಡುತ್ತದೆ ಎಂದು ಬದಿಗಿಡುತ್ತಿದ್ದರು. ಅಷ್ಟು ವರ್ಷ ಪಳಗಿದ ಕಣ್ಣನ್ನು ಬರೀ ಊಹೆ ಎಂದು ತಳ್ಳಿಹಾಕುವುದು ಸರಿಯಲ್ಲವೆಂದು ನನ್ನ ಭಾವನೆ.

ಹರಳು ಪರೀಕ್ಷಕ, ಬೆಂಗಳೂರು:

ತಳ್ಳಿಹಾಕುತ್ತಿಲ್ಲ ಸಾಹೇಬರೇ. ನಿಮ್ಮ ತಾತನವರು ನಾಲಿಗೆಯಿಂದ ನೋಡುತ್ತಿದ್ದುದು ಕಲ್ಲಿನ ಸೂಕ್ಷ್ಮ ರಂಧ್ರಗಳನ್ನು. ಅದು ಅಪ್ಪಟ ಪರೀಕ್ಷೆ. ಅವರ ಕೈಗೆ ಬರುತ್ತಿದ್ದ ಸರಕು ಹೆಚ್ಚಾಗಿ ಒಂದೇ ದಾರಿಯಿಂದ ಬರುತ್ತಿತ್ತು, ಆದ್ದರಿಂದ ಅವರ ಕಣ್ಣು ತಪ್ಪುವ ಸಂಭವವೂ ಕಡಿಮೆಯಿತ್ತು. ಇಂದು ಒಂದೇ ಮೇಜಿನ ಮೇಲೆ ಇರಾನ್, ಚೀನಾ, ಅಮೆರಿಕ, ಮೆಕ್ಸಿಕೊಗಳ ಕಲ್ಲುಗಳು ಕೂಡಿ ಬೀಳುತ್ತವೆ. ಚೀನಾದ ಹುಬೆ ಪ್ರಾಂತದ ಜುಶಾನ್ ಸುತ್ತಿನ ಗಣಿಗಳಿಂದ ಬರುವ ಉತ್ತಮ ದರ್ಜೆಯ ಗಟ್ಟಿ ನೀಲಿ ಕಲ್ಲನ್ನು ಪಕ್ಕದಲ್ಲಿಟ್ಟರೆ ಬಹಳ ಅನುಭವಿಗಳೂ ತಡವರಿಸುತ್ತಾರೆ. ಚೀನೀಯರದ್ದೂ ನಿನ್ನೆ ಮೊನ್ನೆಯ ಕಸುಬಲ್ಲ: ಹೆನಾನ್‌ನ ಅರ್‌ಲಿತೌ ಉತ್ಖನನದಲ್ಲಿ 2002ರಲ್ಲಿ ಸಿಕ್ಕ ಸುಮಾರು 65 ಸೆಂಟಿಮೀಟರ್ ಉದ್ದದ ಡ್ರ್ಯಾಗನ್ ಆಕೃತಿಯನ್ನು ಎರಡು ಸಾವಿರಕ್ಕೂ ಹೆಚ್ಚು ಫಿರೋಜಾ ಚೂರುಗಳಿಂದ ಜೋಡಿಸಿದ್ದರು, ಅದಕ್ಕೆ ಮೂರೂವರೆ ಸಾವಿರ ವರ್ಷಗಳಿಗೂ ಮೇಲ್ಪಟ್ಟ ವಯಸ್ಸು. ಅವರ ಭಾಷೆಯಲ್ಲಿ ಇದರ ಹೆಸರು 'ಹಸುರು ಪೈನ್ ಕಲ್ಲು'.

ರೀನೋದಿಂದ ಒಬ್ಬ ಹವ್ಯಾಸಿ:

ನಾನು ಅಮೆರಿಕದ ನೆವಾಡಾದಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇನೆ. ರಜೆಯ ದಿನಗಳಲ್ಲಿ ಕಲ್ಲು ಸಾಣೆ ಹಿಡಿಯುವುದೇ ನನ್ನ ಕೆಲಸ. ಗಣಿಯ ಹೆಸರಿಗೆ ಇಲ್ಲಿರುವಷ್ಟು ಬೆಲೆ ಬೇರೆಲ್ಲೂ ಇರಲಾರದು, ಏಕೆಂದರೆ ಇಲ್ಲಿನ ಗಣಿಗಳು ಅಷ್ಟು ಚಿಕ್ಕವು. ಎಷ್ಟೋ ಗಣಿಗಳೆಂದರೆ ಒಂದು ಕುಟುಂಬ, ಒಂದು ಯಂತ್ರ, ಗುಡ್ಡದ ಪಕ್ಕದಲ್ಲಿ ಒಂದು ಹೊಂಡ ಅಷ್ಟೇ.

ಲ್ಯಾಂಡರ್ ಬ್ಲೂ ಎಂಬ ಗಣಿ ಇದಕ್ಕೆ ಒಳ್ಳೆಯ ಉದಾಹರಣೆ. 1973ರಲ್ಲಿ ಹಳ್ಳದ ಪಕ್ಕ ವಿಹಾರಕ್ಕೆ ಬಂದಿದ್ದ ಮಹಿಳೆಯೊಬ್ಬರಿಗೆ ಅದು ಕಣ್ಣಿಗೆ ಬಿತ್ತು. ಒಟ್ಟಾರೆ ಹೊರಬಂದದ್ದು ಸುಮಾರು 50 ಕಿಲೊ, ಅಲ್ಲಿಗೆ ಮುಗಿಯಿತು. ಒಂದು ಹ್ಯಾಟಿನಡಿ ಮುಚ್ಚಿಬಿಡಬಹುದಾದ ಇಂಥ ಗಣಿಯನ್ನು ಇಲ್ಲಿ 'ಹ್ಯಾಟ್ ಗಣಿ' ಎನ್ನುತ್ತಾರೆ. ಆ ಕಲ್ಲಿನಲ್ಲಿ ಗಾಢನೀಲಿಯ ಮೇಲೆ ಕಪ್ಪು ಗೆರೆಗಳು ಜೇಡರ ಬಲೆಯಂತೆ ಹೆಣೆದುಕೊಂಡಿರುತ್ತವೆ, ಗೆರೆಗಳ ನಡುವಿನ ನೀಲಿ ಸಣ್ಣ ಸಣ್ಣ ಹುರುಪೆಗಳಂತೆ ಉಬ್ಬಿ ಕಾಣುತ್ತದೆ. ಈಗ ಅದರ ಹೆಸರಿನಲ್ಲಿ ಮಾರಾಟಕ್ಕಿರುವ ಕಲ್ಲುಗಳನ್ನೆಲ್ಲ ತೂಗಿದರೆ 50 ಕಿಲೊ ಮೀರುವುದು ಖಂಡಿತವೆಂದು ನನಗೆ ಅನ್ನಿಸುತ್ತದೆ.

ಮಿಕ್ಕವುಗಳಲ್ಲಿ ಕಾರ್ಲಿನ್ ಬಳಿಯ ನಂಬರ್ ಎಯ್ಟ್ ಗಣಿಯದು ತಿಳಿನೀಲಿಯ ಮೇಲೆ ಹೊಂಗಂದು ಬಲೆ. ಟೋನೊಪಾ ಕಡೆಯ ರಾಯ್‌ಸ್ಟನ್ ಕಲ್ಲಿನಲ್ಲಿ ಒಂದೇ ಹರಳಿನ ಒಂದು ತುದಿ ನೀಲಿ, ಇನ್ನೊಂದು ತುದಿ ಹಸುರು. ಕೊಯ್ಯುವಾಗ ಎರಡೂ ಬಣ್ಣ ಉಳಿಯುವಂತೆ ಗೆರೆ ಹಾಕುವುದೇ ಅದರ ಕುಶಲತೆ. ಅಧ್ಯಾಪಕಿ ಮೇಡಂ ಹೇಳಿದ ಸತುವಿನ ಹಳದಿಹಸುರನ್ನು ನೋಡಬೇಕೆಂದರೆ ಕ್ಯಾರಿಕೊ ಲೇಕ್ ಕಲ್ಲನ್ನು ನೋಡಬೇಕು. ಹೊಸದಾಗಿ ನೋಡಿದವರು ಅದನ್ನು ಫಿರೋಜಾ ಎಂದೇ ಒಪ್ಪುವುದಿಲ್ಲ.

ಅರಿಜೋನಾದ ಬಿಸ್ಬಿ ಬಗ್ಗೆಯೂ ಹೇಳದೆ ಇರಲಾರೆ. ಅಲ್ಲಿನ ಲ್ಯಾವೆಂಡರ್ ಪಿಟ್ ಎಂಬ ತಾಮ್ರದ ಮಹಾಹೊಂಡದಿಂದ ಬಂದ ಕಲ್ಲು ಗಟ್ಟಿ ನೀಲಿ, ಮೇಲೆ ಹೊಗೆಯಾಡಿದಂಥ ಚಾಕೊಲೇಟ್ ಕಂದು. ಹೊಂಡಕ್ಕೆ ಆ ಹೆಸರು ಬಂದದ್ದು ಬಣ್ಣದಿಂದಲ್ಲ, ಗಣಿಯ ಅಧಿಕಾರಿಯೊಬ್ಬರ ಹೆಸರಿನಿಂದ. ತಾಮ್ರವೇ ಗುರಿಯಾಗಿದ್ದ ಕಾಲದಲ್ಲಿ ಕೆಲಸಗಾರರು ನೀಲಿ ಕಲ್ಲನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ಸಾಗಿಸುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಹೊಂಡ ನಿಂತಿತು. ಈಗ ಸಿಗುವ ಬಿಸ್ಬಿ ಕಲ್ಲಿನಲ್ಲಿ ಬಹುಪಾಲು ಹಳೆಯ ದಾಸ್ತಾನೇ.

ಕಳೆದ ಚಳಿಗಾಲದಲ್ಲಿ ನಾನು ಮೋಸಹೋದದ್ದನ್ನೂ ಹೇಳುತ್ತೇನೆ. ಒಬ್ಬ ವ್ಯಾಪಾರಿಯಿಂದ ಬಿಸ್ಬಿ ಎಂದು ಕೊಂಡ ಒರಟು ಕಲ್ಲನ್ನು ಗರಗಸಕ್ಕೆ ಕೊಟ್ಟೆ. ಒದ್ದೆ ಕಲ್ಲು ಕೊಯ್ದಾಗ ಬರಬೇಕಾದ ಮಣ್ಣಿನ ವಾಸನೆಯ ಬದಲು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ನೀರಿನಲ್ಲಿ ಹಿಟ್ಟಿನಂತೆ ಇಳಿಯಬೇಕಾದ ಪುಡಿ ರಬ್ಬರಿನ ಎಳೆಯಂತೆ ಸುರುಳಿ ಸುತ್ತಿತು. ಪುಡಿಯನ್ನು ರಾಳದಲ್ಲಿ ಕಲಸಿ ಅಚ್ಚು ಹಾಕಿದ ಗಟ್ಟಿ ಅದು.

ಕಲಬುರಗಿಯ ಇತಿಹಾಸ ವಿದ್ಯಾರ್ಥಿ:

ಹೆಸರಿನ ಮಾತು ಬಂದದ್ದರಿಂದ ನಮ್ಮೂರಿನ ಒಂದು ಸಂಗತಿ. ಬಹಮನಿ ಸುಲ್ತಾನರ ಹೆಸರಾಂತ ಸಿಂಹಾಸನ 'ತಖ್ತ್ ಎ ಫಿರೋಜಾ'. ಅದಕ್ಕೆ ಆ ಹೆಸರು ಬಂದದ್ದು ಮೇಲಿದ್ದ ಆಕಾಶನೀಲಿ ಮೀನಾಕಾರಿಯಿಂದ (ಲೋಹದ ಮೇಲೆ ಮಾಡುವ ಗಾಜಿನ ಬಣ್ಣದ ಲೇಪ) ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ನಂತರದ ಅರಸರು ಒಬ್ಬೊಬ್ಬರೂ ರತ್ನಗಳನ್ನು ಸೇರಿಸುತ್ತಾ ಹೋಗಿ ಕೊನೆಗೆ ಆ ನೀಲಿಯೇ ಮುಚ್ಚಿಹೋಯಿತಂತೆ. ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಉಳಿದಿರುವ ಹೊಳಪು ಹೆಂಚುಗಳದ್ದೂ ಇದೇ ಬಣ್ಣ, ಅದೂ ತಾಮ್ರದಿಂದಲೇ ಬಂದದ್ದು. ಹಾಗಾಗಿ ಹಳೆಯ ದಾಖಲೆಗಳಲ್ಲಿ ಫಿರೋಜಾ ಎಂದು ಕಂಡಾಗ ಅದು ಕಲ್ಲೋ ಬಣ್ಣವೋ ಎಂದು ವಿಚಾರಿಸಬೇಕಾಗುತ್ತದೆ.

ಹರಳು ಪರೀಕ್ಷಕ, ಬೆಂಗಳೂರು:

ರೀನೋದವರ ಅನುಭವ ಈ ಚರ್ಚೆಯ ನಡುಮಧ್ಯದ ವಿಷಯವನ್ನೇ ಎತ್ತಿದೆ. ಕೊಳ್ಳುವವರು 'ಯಾವ ಗಣಿ' ಎಂದು ಕೇಳುವ ಮೊದಲು 'ಈ ಕಲ್ಲಿಗೆ ಏನು ಮಾಡಿದ್ದಾರೆ' ಎಂದು ಕೇಳಬೇಕು. ಏನೂ ಮಾಡದೆ ಸಾಣೆಗೆ ನಿಲ್ಲುವಷ್ಟು ಗಟ್ಟಿ ಕಲ್ಲು ಯಾವ ಗಣಿಯಲ್ಲೂ ಅಲ್ಪವೇ. ಬಿಡುಬಿಡಿ ಕಲ್ಲಿಗೆ ಮೊದಲೆಲ್ಲ ಮೇಣ ಅಥವಾ ಎಣ್ಣೆ ಹಿಡಿಸುತ್ತಿದ್ದರು. 1950ರ ದಶಕದಿಂದೀಚೆಗೆ ರಾಳವನ್ನು ಒತ್ತಡದಲ್ಲಿ ರಂಧ್ರಗಳೊಳಗೆ ತುಂಬುವುದು ರೂಢಿಗೆ ಬಂತು. ಹೀಗೆ ಮಾಡಿದ ಕಲ್ಲು ನಿಜವಾದ ಫಿರೋಜೆಯೇ, ದಿನಬಳಕೆಗೆ ಅನುಕೂಲವೂ ಹೌದು, ಆದರೆ ಅದನ್ನು ಹೇಳಿ ಮಾರಬೇಕು, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು. 1980ರ ದಶಕದ ಕೊನೆಯಲ್ಲಿ ಬಂದ ಜಾಕರಿ ಎಂಬ ವಿಧಾನದಲ್ಲಿ ರಾಳವನ್ನು ಬಳಸುವುದಿಲ್ಲ. ಅದನ್ನು ಪತ್ತೆ ಹಚ್ಚಲು ಪೊಟ್ಯಾಶಿಯಂ ಅಂಶ ಹೆಚ್ಚಿದೆಯೇ ಎಂದು ಪ್ರಯೋಗಾಲಯದಲ್ಲಿ ನೋಡಬೇಕು.

ಇದಕ್ಕಿಂತ ಕೆಳಗೆ, ಫಿರೋಜೆಯೇ ಅಲ್ಲದ ಕಲ್ಲುಗಳಿವೆ. ಹೌಲೈಟ್ ಮತ್ತು ಮ್ಯಾಗ್ನೆಸೈಟ್ ಎಂಬ ಬಿಳಿ ಖನಿಜಗಳು ಬಣ್ಣವನ್ನು ಚೆನ್ನಾಗಿ ಹೀರುತ್ತವೆ, ಗೆರೆಗಳೂ ಅವುಗಳಲ್ಲಿ ಸಹಜವಾಗಿಯೇ ಇರುತ್ತವೆ. ಮ್ಯಾಗ್ನೆಸೈಟ್ ನಮಗೆ ಅಪರಿಚಿತವೇನಲ್ಲ, ಮೈಸೂರು ಜಿಲ್ಲೆಯ ದೊಡ್ಡಕಾನ್ಯದಲ್ಲಿ ಅದರ ಗಣಿಗಳಿದ್ದವು. ಮಣಿಸರದ ತೂತಿನೊಳಗೆ ಭೂತಗನ್ನಡಿ ಹಿಡಿದು ನೋಡಿ: ಬಣ್ಣ ಹಾಕಿದ ಮಣಿಯಾದರೆ ಒಳಭಾಗ ಬೆಳ್ಳಗೆ ಕಾಣಬಹುದು, ನೀಲಿ ಬಿರುಕುಗಳಲ್ಲಿ ಮಡುಗಟ್ಟಿರುತ್ತದೆ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು ಮರೆಯಲ್ಲಿರುವ ಭಾಗಕ್ಕೆ ಒತ್ತಿದರೆ ಹತ್ತಿಗೆ ನೀಲಿ ಹತ್ತುವುದೂ ಉಂಟು. ಕಾದ ಸೂಜಿಯ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ, ಕಲೆ ಉಳಿದುಬಿಡುತ್ತದೆ. ರಾಳ ಇದೆಯೇ ಇಲ್ಲವೇ ಎಂಬುದನ್ನು ಅವಕೆಂಪು (ಇನ್‌ಫ್ರಾರೆಡ್) ವರ್ಣಪಟಲ ಪರೀಕ್ಷೆ ಕಲ್ಲಿಗೆ ನೋವಾಗದಂತೆ ತಿಳಿಸುತ್ತದೆ.

ಮೇಡಂ, ಅಜ್ಜಿಯ ಹರಳು ಹಸುರಾದದ್ದು ಅದು ಅಪ್ಪಟ ಕಲ್ಲೆಂಬುದಕ್ಕೆ ಒಳ್ಳೆಯ ಸೂಚನೆಯೇ. ರಾಳ ತುಂಬದ ಕಲ್ಲು ಉಸಿರಾಡುತ್ತದೆ ಎಂದು ನಮ್ಮ ಕಸುಬಿನಲ್ಲಿ ಹೇಳುತ್ತಾರೆ. ಬೆವರು, ಕೊಬ್ಬರಿ ಎಣ್ಣೆ, ಸಾಬೂನು, ಒಗ್ಗರಣೆಯ ಜಿಡ್ಡು ಎಲ್ಲವನ್ನೂ ಅದು ನಲವತ್ತು ವರ್ಷ ಹೀರಿಕೊಂಡಿದೆ. ಬಿಸಿಲಿಗೆ, ಒಲೆಯ ಕಾವಿಗೆ ನೀರಿನಂಶ ಬಿಟ್ಟುಕೊಟ್ಟೂ ಬಣ್ಣ ಮಂಕಾಗುತ್ತದೆ. ಬೆಳ್ಳಿ ಬೆಳಗಾಗಲೆಂದು ಉಂಗುರವನ್ನು ಹುಣಸೆಹಣ್ಣಿನಲ್ಲಿ ತಿಕ್ಕುವ ಪದ್ಧತಿ ನಮ್ಮಲ್ಲಿದೆ. ಹುಳಿ ಈ ಕಲ್ಲಿಗೆ ಶತ್ರು.

ಬೈಲಕುಪ್ಪೆಯ ನೆರೆಯವನು:

ನಾನು ಕುಶಾಲನಗರದವನು. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟಿಯನ್ನರ ನಡುವೆಯೇ ಬೆಳೆದೆ. ಅವರು ಇದನ್ನು 'ಯು' ಎನ್ನುತ್ತಾರೆ. ಹಸುರಾದ ಕಲ್ಲನ್ನು ಕೆಟ್ಟಿದೆ ಎಂದು ಎಸೆಯುವ ನಮ್ಮ ದೃಷ್ಟಿ ಅವರದಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಯ ಕೊರಳಲ್ಲಿ ಹವಳದ ಜೊತೆ ಪೋಣಿಸಿದ ಒಂದು ಫಿರೋಜಾ ಗಟ್ಟಿ ಇತ್ತು, ಹುಣಸೆ ಬೀಜದ ಗಾತ್ರದ್ದು, ಅಂಚಿನಲ್ಲಿ ಕಪ್ಪು ಗೆರೆ. ಲಾಸಾದಿಂದ ಹೊರಟಾಗ ಅವರ ತಾಯಿ ಕೊಟ್ಟದ್ದಂತೆ. ಧರಿಸಿದವರ ಜೀವಕ್ಕೆ ಬರುವ ಕಂಟಕವನ್ನು ಕಲ್ಲು ತನ್ನ ಮೇಲೆ ಹಾಕಿಕೊಂಡು ಬಣ್ಣ ಬದಲಿಸುತ್ತದೆಂಬುದು ಅವರ ನಂಬಿಕೆ. ಅದು ಯಾವ ಗಣಿಯದೆಂದು ಕೇಳಿದಾಗ ಅವರು ನಕ್ಕು, 'ಅಮ್ಮನದು' ಎಂದಷ್ಟೇ ಹೇಳಿದ್ದರು.

ಭೂವಿಜ್ಞಾನ ಅಧ್ಯಾಪಕಿ, ಚಿತ್ರದುರ್ಗ:

ಗಣಿಯನ್ನು ಕಣ್ಣಿನಿಂದಲ್ಲದೆ ಬೇರೆ ರೀತಿಯಲ್ಲಿ ತಿಳಿಯಬಹುದೇ ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದರು. ತಿಳಿಯಬಹುದು. ಕಲ್ಲಿನಲ್ಲಿ ಅತ್ಯಲ್ಪವಾಗಿರುವ ಸೀಸ ಮತ್ತು ಸ್ಟ್ರಾನ್ಷಿಯಂಗಳ ಐಸೊಟೋಪ್‌ಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತ ಆಯಾ ಪ್ರದೇಶದ ಬಂಡೆಯದನ್ನೇ ಹೋಲುತ್ತದೆ. ಮೆಕ್ಸಿಕೊದ ಪ್ರಾಚೀನ ಅಜ್ಟೆಕ್ ಮತ್ತು ಮಿಶ್ಟೆಕ್ ಜನರ ಫಿರೋಜಾ ಕೆತ್ತನೆಗಳಿಗೆ ಕಲ್ಲು ಉತ್ತರದ ನ್ಯೂ ಮೆಕ್ಸಿಕೊ, ಅರಿಜೋನಾಗಳಿಂದ ಬಂದಿತ್ತೆಂದು ವಿದ್ವಾಂಸರು ದಶಕಗಳ ಕಾಲ ನಂಬಿದ್ದರು. 2018ರಲ್ಲಿ ಪ್ರಕಟವಾದ ಐಸೊಟೋಪ್ ಅಧ್ಯಯನವು ಪರೀಕ್ಷಿಸಿದ ಚೂರುಗಳು ಮೆಸೊಅಮೆರಿಕದ (ಮೆಕ್ಸಿಕೊ ಮತ್ತು ಅದರ ದಕ್ಷಿಣದ ನಾಡುಗಳ) ಶಿಲೆಗಳಿಗೇ ಹೊಂದುತ್ತವೆ ಎಂದು ತೋರಿಸಿತು. ವಸ್ತುಸಂಗ್ರಹಾಲಯದ ತಜ್ಞರೇ ಅಷ್ಟು ಕಾಲ ತಪ್ಪು ದಾರಿಯಲ್ಲಿದ್ದರೆಂದಾಗ, ಅಂಗಡಿಯ ಚೀಟಿಯ ಮೇಲೆ ಹೆಚ್ಚು ಭಾರ ಹಾಕುವುದು ನ್ಯಾಯವಲ್ಲ.

ಫೀನಿಕ್ಸ್‌ನ ಓದುಗಿ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಅರಿಜೋನಾದ ಉಂಗುರವನ್ನು ಇಲ್ಲಿನ ಪ್ರಯೋಗಾಲಯವೊಂದಕ್ಕೆ ಕೊಟ್ಟಿದ್ದೆ, ವರದಿ ಬಂದಿದೆ: ನೈಸರ್ಗಿಕ ಫಿರೋಜಾ, ರಾಳ ತುಂಬಿದ್ದು, ಬಣ್ಣ ಹಾಕಿಲ್ಲ. ಗಣಿಯ ಹೆಸರನ್ನು ಅವರು ಬರೆದಿಲ್ಲ. ಮಾರಿದವರು ರಾಳದ ವಿಷಯ ಹೇಳಿರಲಿಲ್ಲ, ಕೊಟ್ಟ ಬೆಲೆ ಹೆಚ್ಚಾಯಿತೆಂಬ ಬೇಸರವಿದೆ.

ಅಜ್ಜಿಯ ಉಂಗುರವನ್ನು ಎಲ್ಲಿಗೂ ಕಳುಹಿಸಲಿಲ್ಲ. ಪರೀಕ್ಷಕರು ಹೇಳಿದಂತೆ ಭೂತಗನ್ನಡಿ ಹಿಡಿದು ನೋಡಿದೆ. ಬೆಳ್ಳಿಯ ಅಂಚು ಕಲ್ಲನ್ನು ಹಿಡಿದಿರುವ ಕಡೆ, ಕೂದಲೆಳೆಯಷ್ಟು ಸಂದಿನಲ್ಲಿ, ಇನ್ನೂ ನೀಲಿ ಉಳಿದಿದೆ. ಅಮ್ಮನಿಗೆ ವಿಡಿಯೊ ಕರೆಯಲ್ಲಿ ತೋರಿಸಿದೆ. ಹೌದು, ಇದೇ ಬಣ್ಣ ಎಂದರು.